ಮೂಕಿಯ ಭಾರ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ ಹಿರೇಹಡಗಲಿ ಎಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯದಿಂದಾಗಿ ಶಿಲ್ಪಕಲೆಯ ಅಭ್ಯಾಸಿಗಳಿಗೆ ಈ ಊರು ಪರಿಚಿತವಾಗಿದೆ. ಸುತ್ತಲಿನ ನಾಡು ಜೋಳ, ಮೆಕ್ಕೆಜೋಳ, ಶೇಂಗಾಗಳ ಒಕ್ಕಲುತನದ ನಾಡು. ಸುಗ್ಗಿಯ ಕಾಲದಲ್ಲಿ ಇಲ್ಲಿಯ ದಾರಿಗಳಲ್ಲಿ ಹೇರು ಹೊತ್ತ ವಾಹನಗಳ ಸಾಲೇ ಕಾಣುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಇದೇ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಜಾತ್ರೆ ಸೇರುತ್ತದೆ. ಕಾರಣಿಕದ ನುಡಿಯನ್ನು ಕೇಳಲು ದೂರದೂರದ ಊರುಗಳಿಂದ ಜನರು ಮನೆಮಂದಿಯೊಡನೆ ಬಂಡಿ ಕಟ್ಟಿಕೊಂಡು ಬರುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಈಗ ಎತ್ತಿನ ಬಂಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಅದೇ ದಾರಿ ಹಿಡಿಯುತ್ತವೆ.

ಇಂತಹ ದಾರಿಯ ಬದಿಯಲ್ಲಿ ನಿಂತು ನೋಡುವವನಿಗೆ ಒಂದು ಸಂಗತಿ ಕಂಡುಬರುವುದು. ಅನುಭವಿಯಾದ ಬಂಡಿಕಾರನು ಚೀಲಗಳನ್ನು ಹೇರಿ ಮುಗಿಸಿದ ಕೂಡಲೇ ಎತ್ತುಗಳನ್ನು ಹೂಡುವುದಿಲ್ಲ. ಮೊದಲು ಬಂಡಿಯ ಮುಂದೆ ಬಂದು ಮೂಕಿಯನ್ನು ಎರಡೂ ಕೈಗಳಿಂದ ಹಿಡಿದು ಒಮ್ಮೆ ಎತ್ತಿ ನೋಡುತ್ತಾನೆ. ಅದು ಏಳದಿದ್ದರೆ ಮುಂದಿನ ಚೀಲವೊಂದನ್ನು ಹಿಂದಕ್ಕೆ ಸರಿಸುತ್ತಾನೆ. ಅದು ತಾನಾಗಿಯೇ ಮೇಲೇಳುವಂತಿದ್ದರೆ ಹಿಂದಿನ ಚೀಲವನ್ನು ಮುಂದಕ್ಕೆ ಎಳೆಯುತ್ತಾನೆ. ಕೆಲವೊಮ್ಮೆ ಚೀಲವನ್ನು ಮುಟ್ಟದೆ, ಹಿಂದೆ ಕಾಲು ಇಳಿಬಿಟ್ಟು ಕುಳಿತ ಹುಡುಗನನ್ನು ಕೂಗಿ ಕರೆಯುವುದೂ ಉಂಟು: “ಮೂಕಿ ಎದ್ದೈತಿ, ಮುಂದಕ್ಕ ಬಾರೋ ತಮ್ಮಾ!” ಹುಡುಗನು ಮುಂದಕ್ಕೆ ಸರಿದು ಕುಳಿತರೆ ಸಾಕು, ಬಂಡಿ ಹದಕ್ಕೆ ಬರುತ್ತದೆ.

ನೋಡಲು ಸಣ್ಣದೆಂದು ತೋರುವ ಈ ಪರೀಕ್ಷೆಯ ಮೇಲೆ ಎತ್ತುಗಳ ಕೊರಳು ನಿಂತಿದೆ. ಟ್ರ್ಯಾಕ್ಟರಿನ ಕಾಲದಲ್ಲಂತೂ ಮನುಷ್ಯರ ಪ್ರಾಣವೂ ಇದರ ಮೇಲೆ ನಿಂತಿದೆ. ಬಂಡಿಕಾರನು ಮೂಕಿ ಎತ್ತಿ ತಿಳಿದುಕೊಳ್ಳುವುದೇನು ಎಂಬುದನ್ನು ಈಗ ವಿಚಾರಿಸೋಣ.

ಎರಡು ಚಕ್ರದ ಬಂಡಿಯು ಒಂದು ದೊಡ್ಡ ಸನ್ನೆಗೋಲು. ಅದರ ಆನಿಕೆ ಎರಡು ಚಕ್ರಗಳನ್ನು ಕೂಡಿಸುವ ಅಚ್ಚು. ಅಚ್ಚಿನಿಂದ ಮುಂದಕ್ಕೆ ಚಾಚಿದ ಉದ್ದನೆಯ ಮರವೇ ಮೂಕಿ. ಅದರ ತುದಿಗೆ ಅಡ್ಡವಾಗಿ ನೊಗವಿರುತ್ತದೆ. ನೊಗವು ಎತ್ತುಗಳ ಹೆಗಲ ಮೇಲೆ ಕುಳಿತುಕೊಳ್ಳುತ್ತದೆ. ಅಚ್ಚಿಗಿಂತ ಮುಂದಿರುವ ಪ್ರತಿಯೊಂದು ವಸ್ತುವೂ ನೊಗವನ್ನು ಕೆಳಕ್ಕೆ ಒತ್ತುತ್ತದೆ. ಅಚ್ಚಿಗಿಂತ ಹಿಂದಿರುವ ಪ್ರತಿಯೊಂದು ವಸ್ತುವೂ ಅದನ್ನು ಮೇಲಕ್ಕೆ ಎತ್ತುತ್ತದೆ. ಸರಿಯಾಗಿ ಅಚ್ಚಿನ ಮೇಲೆಯೇ ಇರುವ ವಸ್ತುವಿನ ಭಾರವನ್ನು ಚಕ್ರಗಳೇ ಹೊರುತ್ತವೆ, ನೊಗಕ್ಕೆ ಅದರ ಸುದ್ದಿಯೂ ತಿಳಿಯದು. ಹಾಗೆಯೇ ಅಚ್ಚಿನಿಂದ ದೂರ ಹೋದಂತೆಲ್ಲ ಭಾರದ ಪ್ರಭಾವವೂ ಹೆಚ್ಚುತ್ತದೆ. ಭಾರವನ್ನು ದೂರದಿಂದ ಗುಣಿಸಿದರೆ ಬರುವುದು ಅದರ ತಿರುಗುಬಲ. ಎಲ್ಲ ಚೀಲಗಳ ಭಾರವೂ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಬಹುದಾದ ಸ್ಥಾನವನ್ನು ಗುರುತ್ವಕೇಂದ್ರ ಎನ್ನುತ್ತೇವೆ. ಆ ಕೇಂದ್ರವು ಅಚ್ಚಿಗಿಂತ ಮುಂದಿದೆಯೋ ಹಿಂದಿದೆಯೋ, ಎಷ್ಟು ಮುಂದೆ ಅಥವಾ ಎಷ್ಟು ಹಿಂದೆ ಎಂಬುದನ್ನೇ ಬಂಡಿಕಾರನ ಕೈಗಳು ಅಳೆಯುತ್ತವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬರಿದಾದ ಬಂಡಿಯು ಅಚ್ಚಿನ ಮೇಲೆ ಸಮತೋಲವಾಗಿದೆ ಎಂದುಕೊಳ್ಳಿ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರವಿರಲಿ. ತಲಾ 100 ಕಿಲೋಗ್ರಾಂ ತೂಗುವ 9 ಚೀಲ ಜೋಳವನ್ನು ಹೇರಿದೆ; ಈ 900 ಕಿಲೋಗ್ರಾಂ ಹೇರಿನ ಗುರುತ್ವಕೇಂದ್ರವು ಅಚ್ಚಿಗಿಂತ 10 ಸೆಂಟಿಮೀಟರ್ ಮುಂದಿದೆ. ಆಗ ನೊಗದ ಮೇಲೆ ಬೀಳುವ ಭಾರ 900ನ್ನು 0.1ರಿಂದ ಗುಣಿಸಿ 3ರಿಂದ ಭಾಗಿಸಿದಷ್ಟು, ಅಂದರೆ 30 ಕಿಲೋಗ್ರಾಂ. ಎತ್ತೊಂದಕ್ಕೆ 15 ಕಿಲೋಗ್ರಾಂ ಬಂದಿತು. ಈಗ ಮುಂದಿನ ಒಂದೇ ಒಂದು ಚೀಲವನ್ನು ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿ. ಆ 100 ಕಿಲೋಗ್ರಾಂ ಚೀಲವು ನೊಗದ ಭಾರದಲ್ಲಿ 50 ಕಿಲೋಗ್ರಾಂ ವ್ಯತ್ಯಾಸವನ್ನು ಉಂಟುಮಾಡುತ್ತದೆ. ನೊಗವನ್ನು 30 ಕಿಲೋಗ್ರಾಂ ಬಲದಿಂದ ಒತ್ತುತ್ತಿದ್ದ ಬಂಡಿಯು ಅದನ್ನು 20 ಕಿಲೋಗ್ರಾಂ ಬಲದಿಂದ ಮೇಲಕ್ಕೆತ್ತತೊಡಗುತ್ತದೆ. ಒಟ್ಟು ಹೇರಿನಲ್ಲಿ ಒಂದು ತೊಲೆಯಷ್ಟೂ ವ್ಯತ್ಯಾಸವಾಗಿಲ್ಲ. ಎತ್ತುಗಳ ಪಾಲಿಗೆ ಮಾತ್ರ ಅದು ಬೇರೆಯೇ ಬಂಡಿಯಾಯಿತು.

ನೊಗ ಮೇಲಕ್ಕೆದ್ದರೆ ಎತ್ತಿನ ಹೆಗಲು ಹಗುರಾಯಿತಲ್ಲ, ಅದು ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಹಾಗಲ್ಲ. ನೊಗವನ್ನು ಹೆಗಲ ಮೇಲೆ ನಿಲ್ಲಿಸುವುದಕ್ಕಾಗಿ ಎತ್ತಿನ ಕೊರಳ ಕೆಳಗಿನಿಂದ ಜತ್ತಿಗೆಯನ್ನು ಕಟ್ಟಿರುತ್ತಾರೆ. ಮೂಕಿ ಎದ್ದಾಗ ನೊಗದೊಡನೆ ಜತ್ತಿಗೆಯೂ ಮೇಲಕ್ಕೆ ಹೋಗಿ ಕೊರಳನ್ನು ಬಿಗಿಯುತ್ತದೆ. ಉಸಿರಾಡಲು ಕಷ್ಟಪಡುವ ಪ್ರಾಣಿ ಎಳೆಯುವುದೆಂತು? ಇದನ್ನು ರೈತರು ಹಿಂಭಾರವೆನ್ನುತ್ತಾರೆ. ಮುಂಭಾರ ಹೆಚ್ಚಾದರೆ ಇನ್ನೊಂದು ಬಗೆಯ ಹಿಂಸೆ. ಎಳೆಯುವುದಕ್ಕೆ ಹುಟ್ಟಿದ ಹೆಗಲು ಹೊರುವುದಕ್ಕೂ ದುಡಿಯಬೇಕಾಗುತ್ತದೆ; ಹೆಜ್ಜೆಹೆಜ್ಜೆಗೂ ನೊಗವು ಚರ್ಮವನ್ನು ಉಜ್ಜುತ್ತದೆ; ಮೊದಲು ಬಾವು, ಆಮೇಲೆ ಹುಣ್ಣು. ಹೆಗಲು ಹುಣ್ಣಾದ ಎತ್ತನ್ನು ಉಳುಮೆಯ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿಹಾಕಬೇಕಾಗಿ ಬಂದರೆ ಆ ಒಕ್ಕಲಿನ ಗತಿಯೇನಾದೀತೆಂಬುದನ್ನು ರೈತರ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ನೊಗದ ಮೇಲೆ ಭಾರವೇ ಇಲ್ಲದಂತೆ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತೂಗಿಸಿದರೆ ಸರಿಹೋದೀತೇ? ಅದೂ ಸರಿಹೋಗದು. ದಾರಿ ಸಪಾಟಾಗಿರುವುದಿಲ್ಲ. ಚಕ್ರವು ತಗ್ಗಿಗೆ ಇಳಿದಾಗ, ಕಲ್ಲು ಹತ್ತಿದಾಗ ಹೇರು ಅಲುಗುತ್ತದೆ. ಸಮತೋಲದ ಅಂಚಿನಲ್ಲಿರುವ ಬಂಡಿಯ ನೊಗವು ಆಗ ಒಮ್ಮೆ ಎದ್ದು ಒಮ್ಮೆ ಬಿದ್ದು ಹೆಗಲನ್ನು ಕುಟ್ಟುತ್ತದೆ. ತುಸು ಮುಂಭಾರವಿದ್ದರೆ ನೊಗವು ತನ್ನ ಜಾಗದಲ್ಲಿ ನೆಮ್ಮದಿಯಾಗಿ ಕುಳಿತಿರುತ್ತದೆ. ಆದುದರಿಂದಲೇ ಬಂಡಿಕಾರನು ಮೂಕಿ ಹಗುರವಾಗಿರಬೇಕೆಂದು ಬಯಸಿದರೂ ಎದ್ದು ನಿಲ್ಲಬೇಕೆಂದು ಬಯಸುವುದಿಲ್ಲ. ಒಬ್ಬ ಆಳು ಹೆಚ್ಚು ಪ್ರಯಾಸವಿಲ್ಲದೆ ಎತ್ತಬಲ್ಲಷ್ಟು, ಆದರೆ ಕೈಬಿಟ್ಟರೆ ತಾನಾಗಿ ಕೆಳಗಿಳಿಯುವಷ್ಟು ಭಾರ ಅದಕ್ಕಿರಬೇಕು.

ಇದುವರೆಗೆ ನಾವು ಸಮನೆಲದ ಮೇಲಿನ ಬಂಡಿಯನ್ನು ಕುರಿತು ಮಾತನಾಡಿದೆವು. ಏರು ಇಳಿವುಗಳಲ್ಲಿ ಹೇರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹೊಲದಿಂದ ಜೋಳದ ಸೊಪ್ಪೆಯನ್ನು ಹೇರಿಕೊಂಡು ಬರುವ ಬಂಡಿಯನ್ನು ನೆನೆಯಿರಿ. ಸೊಪ್ಪೆ ಹಗುರ, ಆದರೆ ಅದನ್ನು ಆಳೆತ್ತರಕ್ಕೆ ಒಟ್ಟಿ ಹಗ್ಗ ಬಿಗಿದಿರುತ್ತಾರೆ. ಅದರ ತೂಕ 600 ಕಿಲೋಗ್ರಾಂ ಇದ್ದು, ಗುರುತ್ವಕೇಂದ್ರವು ಅಚ್ಚಿಗಿಂತ 10 ಸೆಂಟಿಮೀಟರ್ ಮುಂದೆಯೂ 1.2 ಮೀಟರ್ ಮೇಲೆಯೂ ಇದೆಯೆಂದಾದರೆ ಸಮನೆಲದಲ್ಲಿ ನೊಗದ ಭಾರ 20 ಕಿಲೋಗ್ರಾಂ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಗೆ ಬಂದಾಗ ಬಂಡಿಯು ಹಿಂದಕ್ಕೆ ವಾಲುತ್ತದೆ. ಎತ್ತರದಲ್ಲಿರುವ ಆ ಕೇಂದ್ರವು ಸುಮಾರು 12 ಸೆಂಟಿಮೀಟರ್ ಹಿಂದಕ್ಕೆ ಸರಿದು ಅಚ್ಚನ್ನು ದಾಟಿಹೋಗುತ್ತದೆ. ಸಮನೆಲದಲ್ಲಿ ಹದವಾಗಿದ್ದ ಬಂಡಿಗೆ ಏರಿನಲ್ಲಿ ಹಿಂಭಾರ ಬಂದಿತು! ಅದೇ ಬಂಡಿ ಇಳಿಜಾರಿಗೆ ಬಂದರೆ ಕೇಂದ್ರವು ಅಚ್ಚಿಗಿಂತ 22 ಸೆಂಟಿಮೀಟರ್ ಮುಂದಾಗುತ್ತದೆ. ನೊಗದ ಭಾರ 44 ಕಿಲೋಗ್ರಾಮಿಗೆ ಏರುತ್ತದೆ. ಜೋಳದ ಚೀಲಗಳಂತಹ ತಗ್ಗಿನ ಹೇರಿಗೆ ಈ ಏರಿಳಿತ ಇಷ್ಟಾಗದು. ಭಾರವಾದುದನ್ನು ಕೆಳಗೆ, ಹಗುರವಾದುದನ್ನು ಮೇಲೆ ಇಡಬೇಕೆಂಬುದು ಇದಕ್ಕಾಗಿಯೇ. ಏರು ಬಂದಾಗ ಬಂಡಿಕಾರನು ಮೂಕಿಯ ಕಡೆಗೆ ಬಾಗಿ ಕೂರುವುದೂ, ಒಬ್ಬಿಬ್ಬರು ಇಳಿದು ಹಿಂದಿನಿಂದ ನೂಕುವುದೂ ಕೇವಲ ಎತ್ತುಗಳ ಮೇಲಿನ ಕನಿಕರವಲ್ಲ, ಅದರಲ್ಲಿ ಲೆಕ್ಕವಿದೆ.

ಎತ್ತುಗಳು ಎಷ್ಟು ಭಾರ ಎಳೆಯಬಹುದೆಂಬುದಕ್ಕೆ ಕಾನೂನಿನ ಮಿತಿ ಉಂಟು. 1965ರಲ್ಲಿ ಭಾರತ ಸರ್ಕಾರವು ರಚಿಸಿದ ನಿಯಮಗಳು ಪ್ರಾಣಿಯ ಗಾತ್ರವನ್ನೂ ಬಂಡಿಯ ಚಕ್ರದ ಬಗೆಯನ್ನೂ ಅನುಸರಿಸಿ ಹೇರಿನ ಮಿತಿಯನ್ನು ಗೊತ್ತುಮಾಡಿವೆ. ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ನಡುಹಗಲು 12ರಿಂದ 3 ಗಂಟೆಯವರೆಗೆ ಪ್ರಾಣಿಗಳನ್ನು ಹೂಡಬಾರದೆಂದೂ ಅವು ಹೇಳುತ್ತವೆ. ಆದರೆ ಆ ಹೇರನ್ನು ಬಂಡಿಯ ಯಾವ ಭಾಗದಲ್ಲಿ ಎಷ್ಟಿಡಬೇಕೆಂಬುದು ಕೋಷ್ಟಕದಲ್ಲಿ ಬರೆದಿಡುವಂತಹ ವಿಷಯವಲ್ಲ. ಅದು ಹೇರುವವನ ವಿವೇಕಕ್ಕೆ ಬಿಟ್ಟದ್ದು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970 ಮತ್ತು 1980ರ ದಶಕಗಳಲ್ಲಿ ಎತ್ತಿನ ಬಂಡಿಯ ಸುಧಾರಣೆಗಾಗಿ ಬಹಳವಾಗಿ ಶ್ರಮಿಸಿದರು. ದೊಡ್ಡ ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥರು ನೊಗದ ಗಾಯವನ್ನು ಕುರಿತು ಚಿಂತಿಸಿದರೆಂಬುದು ಗಮನಿಸತಕ್ಕ ಮಾತು. ಟೈರು ಚಕ್ರದ ಬಂಡಿಗಳು ಬಂದ ಮೇಲೆ ಎಳೆತ ಹಗುರವಾಯಿತು, ಹೇರು ಹೆಚ್ಚಾಯಿತು. ಹೇರು ಹೆಚ್ಚಿದಷ್ಟೂ ಅದನ್ನು ತಪ್ಪಾಗಿ ಇಟ್ಟಾಗಿನ ಪೆಟ್ಟೂ ಹೆಚ್ಚುತ್ತದೆ.

ಎತ್ತಿನ ಸ್ಥಾನದಲ್ಲಿ ಟ್ರ್ಯಾಕ್ಟರ್ ಬಂದಾಗ ಕೊರಳಿನ ಚಿಂತೆ ತಪ್ಪಿತು. ಆದರೆ ಮೂಕಿಯ ಭಾರದ ಪ್ರಶ್ನೆ ತಪ್ಪಲಿಲ್ಲ. ಎರಡು ಚಕ್ರದ ಟ್ರೇಲರಿನ ಮುಂತುದಿಯು ಟ್ರ್ಯಾಕ್ಟರಿನ ಹಿಂಬದಿಯ ಕೊಂಡಿಯ ಮೇಲೆ ಕುಳಿತಿರುತ್ತದೆ. ಅಲ್ಲಿ ಬೀಳುವ ಭಾರವು ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿತವನ್ನು ಹೆಚ್ಚಿಸುತ್ತದೆ. ಇದು ಉಪಕಾರವೇ. ಆದರೆ ಟ್ರ್ಯಾಕ್ಟರೂ ಒಂದು ಸನ್ನೆಗೋಲು ಎಂಬುದನ್ನು ಮರೆಯಬಾರದು. ಅದರ ಆನಿಕೆ ಹಿಂದಿನ ಅಚ್ಚು. ಕೊಂಡಿಯು ಆ ಅಚ್ಚಿಗಿಂತ 80 ಸೆಂಟಿಮೀಟರ್ ಹಿಂದಿದ್ದು, ಮುಂದಿನ ಚಕ್ರಗಳು 2 ಮೀಟರ್ ಮುಂದಿವೆ ಎಂದುಕೊಂಡರೆ, ಕೊಂಡಿಯ ಮೇಲೆ ಬೀಳುವ 1000 ಕಿಲೋಗ್ರಾಂ ಭಾರವು ಮುಂದಿನ ಚಕ್ರಗಳಿಂದ 400 ಕಿಲೋಗ್ರಾಂ ಭಾರವನ್ನು ಕಸಿದುಕೊಳ್ಳುತ್ತದೆ. ಏರಿನಲ್ಲಿ ಜೋರಾಗಿ ಎಳೆಯುವಾಗ ಉಳಿದ ಭಾರವೂ ಕಡಿಮೆಯಾಗುತ್ತದೆ. ಮುಂದಿನ ಚಕ್ರಗಳು ನೆಲವನ್ನು ಬಿಟ್ಟರೆ ಚಾಲಕನು ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಟ್ರ್ಯಾಕ್ಟರಿನ ಮೂತಿಗೆ ಎರಕದ ಕಬ್ಬಿಣದ ತುಂಡುಗಳನ್ನು ತೂಗುಹಾಕುವುದು ಈ ಕಾರಣಕ್ಕಾಗಿ. ಕೊಂಡಿಯನ್ನು ಬಿಟ್ಟು, ಹಿಂದಿನ ಅಚ್ಚಿಗಿಂತ ಮೇಲಿರುವ ಯಾವುದಾದರೂ ಕಂಬಿಗೆ ಸರಪಳಿ ಕಟ್ಟಿ ಎಳೆಯುವುದು ಇನ್ನೂ ಅಪಾಯಕರ. ಆಗ ಎಳೆತವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಕೆಡವಬಹುದು. ಹಾಗೆ ಮಗುಚಲು ಒಂದೆರಡು ಕ್ಷಣ ಸಾಕು.

ಚೀಲವಾದರೋ ಇಟ್ಟಲ್ಲಿಯೇ ಇರುತ್ತದೆ. ತಾನೇ ಸರಿದಾಡುವ ಹೇರುಗಳೂ ಉಂಟು. ಬೇಸಿಗೆಯಲ್ಲಿ ಹಳ್ಳಿಗಳಿಗೆ ನೀರು ತರುವ ಟ್ಯಾಂಕರನ್ನು ನೋಡಿರಿ. ಅದು ಪೂರ್ತಿ ತುಂಬಿದ್ದರೆ ನೀರಿಗೆ ಓಡಾಡಲು ಎಡೆಯಿಲ್ಲ. ಅರ್ಧ ತುಂಬಿದ್ದರೆ ಏರಿನಲ್ಲಿ ನೀರೆಲ್ಲ ಹಿಂದಕ್ಕೆ ನುಗ್ಗಿ ಕೊಂಡಿಯನ್ನು ಎತ್ತುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗಿ ಒತ್ತುತ್ತದೆ. ಒಳ್ಳೆಯ ಟ್ಯಾಂಕರಿನ ಒಳಗೆ ಅಡ್ಡ ತಗಡುಗಳನ್ನು ಕೂಡಿಸಿರುವುದು ಈ ನುಗ್ಗಾಟವನ್ನು ತಡೆಯುವುದಕ್ಕಾಗಿ. ನೀರಿಗಿಂತಲೂ ನಂಬಲಾಗದ ಹೇರು ಮನುಷ್ಯರದು. ಟ್ರೇಲರು ಸರಕಿಗಾಗಿ ಮಾಡಿದ ವಾಹನ. ಜಾತ್ರೆಗೋ ಮದುವೆಗೋ ಹೊರಟವರು ಅದರಲ್ಲಿ ತುಂಬಿಕೊಂಡಾಗ, ಹಿಂದೆ ಬರುವ ನೆಂಟರನ್ನು ನೋಡಲು ಹತ್ತು ಜನ ಒಟ್ಟಿಗೆ ಎದ್ದು ಹಿಂದಿನ ಹಲಗೆಯ ಬಳಿ ನಿಂತರೆ ಗುರುತ್ವಕೇಂದ್ರವೂ ಅವರ ಜೊತೆಯಲ್ಲಿಯೇ ಹೊರಡುತ್ತದೆ. ನಿಂತವರಿಂದ ಅದರ ಎತ್ತರವೂ ಹೆಚ್ಚುತ್ತದೆ. ತಿರುವಿನಲ್ಲಿಯೋ ಕೆರೆಯ ಏರಿಯ ಮೇಲೆಯೋ ಇದು ಏನನ್ನು ತಂದೀತೆಂಬುದನ್ನು ಊಹಿಸಿಕೊಳ್ಳಬಹುದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳಿಂದ ಪತ್ರವೋ ಚಿತ್ರವೋ ಬಂದಾಗ, ಕಾರಿನ ಹಿಂದೆ ಕಟ್ಟಿದ ಒಂದು ಪುಟ್ಟ ಮನೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದೇ ಟ್ರಾವೆಲ್ ಟ್ರೇಲರ್. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಅದರಲ್ಲಿರುತ್ತವೆ. ನಮ್ಮ ಕೊಲ್ಲಾರಿ ಬಂಡಿಯ ಶ್ರೀಮಂತ ದಾಯಾದಿಯೆಂದರೂ ಸಲ್ಲುವುದು. ಅದರ ಮೂಕಿಗೆ ಅವರು ‘ನಾಲಗೆ’ ಎಂದು ಹೆಸರಿಟ್ಟಿದ್ದಾರೆ. ನಾಲಗೆಯ ಮೇಲಿನ ಭಾರವು ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಇರಬೇಕೆಂಬುದು ಆ ದೇಶದಲ್ಲಿ ರೂಢಿಯಲ್ಲಿರುವ ನಿಯಮ. 2000 ಕಿಲೋಗ್ರಾಂ ತೂಗುವ ಟ್ರೇಲರಿಗೆ ಇದು 200ರಿಂದ 300 ಕಿಲೋಗ್ರಾಂ ಆಗುತ್ತದೆ. ನಮ್ಮ ಲೆಕ್ಕದ ಬಂಡಿಯಲ್ಲಿ 900ಕ್ಕೆ 30 ಸಾಕಾಗಿತ್ತು; ಅಲ್ಲಿ ಇಷ್ಟೊಂದು ಏಕೆ ಬೇಕು?

ಕಾರಣ ವೇಗ. ಎತ್ತಿನ ಬಂಡಿಯು ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುತ್ತದೆ. ಕಾರು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಓಡುವಾಗ ಪಕ್ಕದಲ್ಲಿ ದೊಡ್ಡ ಲಾರಿಯೊಂದು ದಾಟಿಹೋದರೆ ಅದರ ಗಾಳಿಯ ಹೊಡೆತಕ್ಕೆ ಟ್ರೇಲರು ಅತ್ತಿತ್ತ ಹೊಯ್ದಾಡುತ್ತದೆ. ಭಾರವು ಮುಂದಿದ್ದರೆ ಆ ಹೊಯ್ದಾಟ ಎರಡು ಮೂರು ಸಲದಲ್ಲಿ ತಗ್ಗಿ ನಿಲ್ಲುತ್ತದೆ. ಭಾರವು ಹಿಂದಿದ್ದರೆ ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗಿ, ಬಾಲವು ನಾಯಿಯನ್ನೇ ಅಲ್ಲಾಡಿಸಿದಂತೆ, ಟ್ರೇಲರು ಕಾರನ್ನೇ ಎಳೆದಾಡಿ ದಾರಿಯಿಂದ ಆಚೆಗೆ ತಳ್ಳಬಹುದು. ಅಂತಹ ವೇಳೆಯಲ್ಲಿ ಚಾಲಕನು ಗಾಬರಿಯಿಂದ ಚುಕ್ಕಾಣಿಯನ್ನು ಎಡಬಲಕ್ಕೆ ತಿರುಗಿಸುವುದಾಗಲಿ ಕಾರಿನ ಬ್ರೇಕನ್ನು ಒಮ್ಮೆಲೇ ತುಳಿಯುವುದಾಗಲಿ ಸಲ್ಲದು. ಚುಕ್ಕಾಣಿಯನ್ನು ನೇರವಾಗಿ ಹಿಡಿದು ವೇಗವನ್ನು ಮೆಲ್ಲನೆ ಇಳಿಸಬೇಕು. ಟ್ರೇಲರಿಗೆ ಪ್ರತ್ಯೇಕ ಬ್ರೇಕಿದ್ದರೆ ಅದನ್ನು ಮಾತ್ರ ಹಾಕಬೇಕು.

ಇತ್ತ ನಾಲಗೆಯ ಭಾರವು 250 ಕಿಲೋಗ್ರಾಂ ಆದಾಗ ಕಾರಿನ ಹಿಂಬದಿ ಕುಸಿದು ಮುಂಬದಿ ಏಳುತ್ತದೆ. ರಾತ್ರಿಯಲ್ಲಿ ದೀಪದ ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳನ್ನು ಬೆಳಗತೊಡಗುತ್ತದೆ. ಟ್ರ್ಯಾಕ್ಟರಿನಲ್ಲಿ ಕಂಡ ಸಂಗತಿಯೇ ಇದು. ಇದಕ್ಕೆ ಪರಿಹಾರವಾಗಿ ಕೊಂಡಿಯಿಂದ ಹಿಂದಕ್ಕೆ, ನಾಲಗೆಯ ಎರಡೂ ಬದಿಯಲ್ಲಿ, ಉಕ್ಕಿನ ಎರಡು ಸ್ಪ್ರಿಂಗ್ ಸರಳುಗಳನ್ನು ಬಿಗಿಯುತ್ತಾರೆ. ಬಾಗಿಸಿ ಕಟ್ಟಿದ ಆ ಸರಳುಗಳು ನೆಟ್ಟಗಾಗಲು ಹವಣಿಸುತ್ತ, ಕಾರು ಮತ್ತು ಟ್ರೇಲರುಗಳು ಕೂಡುವ ಕೀಲಿನಲ್ಲಿ ಉಂಟಾದ ತಗ್ಗನ್ನು ಮೇಲಕ್ಕೆತ್ತುತ್ತವೆ. ಹಿಂದಿನ ಚಕ್ರಗಳ ಮೇಲೆ ಗುಡ್ಡೆಬಿದ್ದ ಭಾರದಲ್ಲಿ ಒಂದು ಪಾಲು ಕಾರಿನ ಮುಂದಿನ ಚಕ್ರಗಳಿಗೂ, ಇನ್ನೊಂದು ಪಾಲು ಟ್ರೇಲರಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಭಾರವನ್ನು ಹಂಚುವುದಷ್ಟೇ ಈ ಸಲಕರಣೆಯ ಕೆಲಸ. ಹೇರು ಮಿತಿಮೀರಿದ್ದರೆ ಅದು ಕಡಿಮೆ ಮಾಡದು. ನೀರಿನ ತೊಟ್ಟಿಯನ್ನೂ ಸಾಮಾನುಗಳನ್ನೂ ಹಿಂತುದಿಯಲ್ಲಿ ತುಂಬಿದವನ ತಪ್ಪನ್ನು ಅದು ತಿದ್ದದು.

ನಾಲಗೆಯ ಭಾರವನ್ನು ಅಳೆಯಲು ಅವರು ಅನುಸರಿಸುವ ಒಂದು ಉಪಾಯ ಸ್ವಾರಸ್ಯವಾಗಿದೆ. ಮನೆಯಲ್ಲಿ ಮೈತೂಕ ನೋಡುವ ಸಣ್ಣ ತೂಕಯಂತ್ರವು ಅಷ್ಟು ಭಾರವನ್ನು ತಾಳದು. ಆದುದರಿಂದ ಗಟ್ಟಿಯಾದ ಹಲಗೆಯೊಂದರ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಇಡುತ್ತಾರೆ. ಎರಡು ಆನಿಕೆಗಳ ನಡುವಣ ದೂರವನ್ನು ಮೂರು ಪಾಲು ಮಾಡಿ, ಇಟ್ಟಿಗೆಯಿಂದ ಒಂದು ಪಾಲಿನಷ್ಟು ದೂರದಲ್ಲಿ ನಾಲಗೆಯನ್ನು ಊರುತ್ತಾರೆ. ಆಗ ಯಂತ್ರಕ್ಕೆ ಬೀಳುವುದು ಭಾರದ ಮೂರನೆಯ ಒಂದು ಪಾಲು ಮಾತ್ರ. ಮುಳ್ಳು 80 ಕಿಲೋಗ್ರಾಂ ತೋರಿಸಿದರೆ ನಾಲಗೆಯ ಭಾರ 240 ಕಿಲೋಗ್ರಾಂ. ಹಲಗೆಯ ತೂಕವನ್ನು ಮೊದಲೇ ಕಳೆದಿರಬೇಕು. ನೀವು ಕೂಡ ಹಿರಿಯರೊಬ್ಬರನ್ನು ಜೊತೆಗಿರಿಸಿಕೊಂಡು, ಎತ್ತು ಬಿಚ್ಚಿದ ಬಂಡಿಯ ಮೂಕಿಯ ಭಾರವನ್ನು ಅಂಗಡಿಯ ತೂಕಯಂತ್ರದಿಂದ ಹೀಗೆ ಅಳೆಯಬಹುದು. ನೊಗವಿರುವ ಜಾಗದಲ್ಲಿಯೇ ಆಧಾರ ಕೊಡಬೇಕು; ಅಚ್ಚಿನ ಕಡೆಗೆ ಸರಿದು ಕೊಟ್ಟರೆ ಯಂತ್ರವು ಹೆಚ್ಚು ತೋರಿಸುವುದು. ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡುವುದನ್ನು ಮರೆಯಬಾರದು.

ಹೇರುವಾಗ ತೋರಿದ ಎಚ್ಚರವು ಇಳಿಸುವಾಗಲೂ ಬೇಕು. ಹದವಾಗಿ ಹೇರಿದ ಬಂಡಿಯಿಂದ ಮುಂದಿನ ಚೀಲಗಳನ್ನೇ ಮೊದಲು ಇಳಿಸಿದರೆ, ಹಿಂದಿನ ಚೀಲಗಳಿಗೆ ಎದುರು ತೂಗುವವರಿಲ್ಲದೆ ಮೂಕಿ ಮೇಲಕ್ಕೆ ಚಿಮ್ಮುತ್ತದೆ. ಆ ಹೊತ್ತಿನಲ್ಲಿ ಎತ್ತುಗಳು ನೊಗದಲ್ಲಿದ್ದರೆ ಅವುಗಳ ಕೊರಳಿಗೂ, ಮೂಕಿಯ ಬಳಿ ಬಾಗಿದವನ ಗದ್ದಕ್ಕೂ ಪೆಟ್ಟು ತಪ್ಪದು. ಟ್ರೇಲರಿನ ಕೊಂಡಿಯ ಕೀಲನ್ನು ತೆಗೆಯುವಾಗಲೂ ಹೀಗೆಯೇ. ಆದುದರಿಂದ ಬಲ್ಲವರು ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಕವಲುಗೋಲನ್ನೂ ಬಂಡಿಯ ಹಿಂಭಾಗದ ಕೆಳಗೆ ಇನ್ನೊಂದು ಆಧಾರವನ್ನೂ ನಿಲ್ಲಿಸಿ, ಆಮೇಲೆ ಜತ್ತಿಗೆ ಬಿಚ್ಚಿ ಎತ್ತುಗಳನ್ನು ಬಿಡುತ್ತಾರೆ. ಚೀಲಗಳನ್ನು ಹಿಂದಿನಿಂದ ಆರಂಭಿಸಿ ಒಂದೊಂದಾಗಿ ಇಳಿಸುತ್ತಾರೆ.